ಕಾಣದ ಕನಸನ್ನು ಕಂಡೆನೆಂದವಳು

ಹಿಮ ಬಿದ್ದು ದಾರಿ ಮುಚ್ಚಿದ ಮೇಲೆ ಲಡಾಖಿನ ಜಂಸ್ಕಾರ್ ಕಣಿವೆಯ ಆ ಪುಟ್ಟ ಮಠದಲ್ಲಿ ಉಳಿದವರು ಏಳು ಮಂದಿ ಸನ್ಯಾಸಿನಿಯರು. ಆ ಚಳಿಗಾಲ ಅವರಿಗೆ ಕನಸಿನ ಸಾಧನೆ ಹೇಳಿಕೊಡಲು ಹಿರಿಯ ಸನ್ಯಾಸಿನಿ ಯೆಶೆ ಒಪ್ಪಿಕೊಂಡಿದ್ದರು. ಎಲ್ಲರೂ ಅವರನ್ನು ಅಬಿ-ಲೆ, ಅಂದರೆ ಅಜ್ಜಿ ಎಂದೇ ಕರೆಯುತ್ತಿದ್ದರು.

ಹಗಲಿಡೀ, ಹಿಮ ಗುಡಿಸುವಾಗಲೂ ಬೆಣ್ಣೆ ಚಹಾ ಕಡೆಯುವಾಗಲೂ, 'ಇದು ಕನಸು' ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ರಾತ್ರಿ ಬಲಮಗ್ಗುಲಿಗೆ ಮಲಗಿ, ಗಂಟಲಲ್ಲಿ ಕೆಂಪು ಬೆಳಕೊಂದನ್ನು ನೆನೆಯುತ್ತ, 'ಇವತ್ತು ಕನಸನ್ನು ಕನಸೆಂದು ತಿಳಿಯುತ್ತೇನೆ' ಎಂದು ಸಂಕಲ್ಪ ಮಾಡಬೇಕು. ಎಚ್ಚರವಾದೊಡನೆ ಮೈ ಅಲುಗಿಸದೆ ಕಂಡದ್ದನ್ನು ನೆನಪಿಗೆ ತಂದುಕೊಂಡು, ಬೆಳಿಗ್ಗೆ ಅಡುಗೆಮನೆಯ ಒಲೆಯ ಸುತ್ತ ಕೂತಾಗ ಹೇಳಬೇಕು. ಕನಸು ತಿಳಿದ ಮೇಲೆ ಅದರೊಳಗೆ ಏನು ಮಾಡಬೇಕೆಂಬ ಗುರಿಯನ್ನು ಪ್ರತಿಯೊಬ್ಬಳೂ ಮೊದಲೇ ಆರಿಸಿಕೊಳ್ಳಬೇಕು. ಅವರಲ್ಲೊಬ್ಬಳಾದ ನಿಲ್ಜಾ ಆರಿಸಿಕೊಂಡದ್ದು ಬೆಂಕಿಯೊಳಗೆ ನಡೆದುಹೋಗುವುದನ್ನು.

ನಿಲ್ಜಾಳಿಗೆ ಮೂವತ್ತೆರಡು ವರ್ಷ. ಓದಿನಲ್ಲಿ ಅವಳನ್ನು ಮೀರಿಸುವವರು ಆ ಕಣಿವೆಯಲ್ಲೇ ಇರಲಿಲ್ಲ. ಆದರೆ ಇಪ್ಪತ್ತು ದಿನ ಕಳೆದರೂ ಅವಳಿಗೆ ಕನಸು ಕೈಗೆ ಸಿಗಲಿಲ್ಲ. ಇಪ್ಪತ್ತೊಂದನೆಯ ಬೆಳಿಗ್ಗೆ, ಅಕ್ಷರವೇ ಬಾರದ ಸನ್ಯಾಸಿನಿ ಪುಟಿತ್ ಹಿಟ್ಟು ಕಲಸುತ್ತ, "ಅಡುಗೆಮನೆ ತುಂಬ ಕುರಿ ನಿಂತಿದ್ವು ಅಬಿ-ಲೆ. ಇಷ್ಟೊಂದು ಕುರಿ ಎಲ್ಲಿಂದ ಬಂದ್ವು ಅಂತ ಯೋಚಿಸ್ದೆ. ಓಹೋ, ಕನಸು ಅಂತ ಗೊತ್ತಾಗ್ಬಿಡ್ತು!" ಎಂದಳು. ಎಲ್ಲರೂ ನಕ್ಕು ಅವಳ ಬೆನ್ನು ತಟ್ಟಿದರು. ನಿಲ್ಜಾ ಮಾತ್ರ ತಲೆ ತಗ್ಗಿಸಿ ಒಲೆಗೆ ಬೆರಣಿ ತುರುಕಿದಳು.

ಮರುದಿನ ತನ್ನ ಸರದಿ ಬಂದಾಗ ಅವಳು ತಲೆ ಎತ್ತದೆ ಹೇಳಿದಳು. "ನಂಗೂ ತಿಳೀತು. ಬೆಂಕಿಯೊಳಗೆ ಹೋದೆ. ಸುಡಲಿಲ್ಲ, ತಣ್ಣಗಿತ್ತು."

ಅಬಿ-ಲೆಯ ಮುಖ ಅರಳಿತು. "ನೋಡಿ, ಶ್ರದ್ಧೆ ಅಂದ್ರೆ ಇದು."

ಒಂದು ಸುಳ್ಳು ನಿಲ್ಲಬೇಕಾದರೆ ಅದಕ್ಕೆ ಇನ್ನೊಂದರ ಊರುಗೋಲು ಬೇಕು. ಮುಂದಿನ ವಾರ ತಾನು ಹೇಳಿದ ಕನಸುಗಳಲ್ಲಿ ನಿಲ್ಜಾ ಹಾರಿದಳು, ಬಂಡೆಯೊಳಗಿಂದ ದಾಟಿಹೋದಳು. ರಾತ್ರಿಯಾದರೆ ನಿದ್ದೆ ಹೋಗುವುದಕ್ಕಿಂತ ನಾಳೆ ಏನು ಹೇಳಲಿ ಎಂದು ಯೋಚಿಸುವುದೇ ಅವಳ ಕೆಲಸವಾಯಿತು.

ಒಂದು ಮಧ್ಯಾಹ್ನ ಡೆಚೆನ್ ಅವಳ ಕೋಣೆಗೆ ಬಂದಳು. ಐವತ್ತೈದರ ಹೆಂಗಸು, ನಿಲ್ಜಾ ಅಚೆ-ಲೆ, ಅಂದರೆ ಅಕ್ಕ ಎಂದು ಕರೆಯುತ್ತಿದ್ದವಳು, ಗಂಡ ಸತ್ತ ಮೇಲೆ ಮಠ ಸೇರಿದವಳು. ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು ಇಬ್ಬರೂ ಲೇಹ್‌ಗೆ ಹೋಗುತ್ತಿದ್ದಾಗ ಮಂಜುಗಡ್ಡೆ ಒಡೆದು ಅವನು ಮುಳುಗಿದ್ದ. ಅವನ ಕೈ ಇವಳ ಕೈಯಿಂದ ಜಾರಿತ್ತು.

"ದಿನಾ ಅದೇ ನೀರು ಕಾಣ್ತದೆ ತಂಗಿ," ಎಂದಳು ಡೆಚೆನ್. "ಕನಸು ಅಂತ ತಿಳಿಯೋದೇ ಇಲ್ಲ, ಓಡಿಹೋಗ್ತೀನಿ. ನೀನು ಬೆಂಕಿಗೇ ಹೋದೋಳು. ಹೇಗೆ ಹೋದೆ, ಹೇಳು."

ಗೊತ್ತಿಲ್ಲ ಎನ್ನಲು ಅದೇ ಒಳ್ಳೆಯ ಹೊತ್ತಾಗಿತ್ತು. ನಿಲ್ಜಾ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. "ಓಡ್ಬೇಡಿ ಅಚೆ-ಲೆ. ನೀರು ಕಂಡ ಕೂಡ್ಲೆ ಇಳಿದುಬಿಡಿ. ಇದು ನೀರೇ ಅಲ್ಲ ಅನ್ನಿ. ಹಗಲಲ್ಲೂ ಹಾಗೇ ಅಂದುಕೊಳ್ತಾ ಇರಿ, ರೂಢಿಯಾಗ್ತದೆ."

ಡೆಚೆನ್ ಅವಳ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು.

ಆಮೇಲೆ ಡೆಚೆನ್ ಊಟ ಕಡಿಮೆ ಮಾಡಿದಳು, ನಿದ್ದೆಯಲ್ಲಿ ನರಳಿದಳು. ಹಗಲು ಓಡಾಡುವಾಗಲೂ ಅವಳ ತುಟಿ ಅಲುಗುತ್ತಿತ್ತು. ಹತ್ತನೆಯ ದಿನ ಬೆಳಿಗ್ಗೆ ನೀರು ತರಲು ಹೋದವಳು ತಿರುಗಿ ಬರಲಿಲ್ಲ. ಪುಟಿತ್‌ಳ ಕೂಗು ಕೇಳಿ ಎಲ್ಲರೂ ಓಡಿದರು. ತೊರೆಯ ಮಂಜುಗಡ್ಡೆ ಒಡೆದು, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಡೆಚೆನ್ ನಿಂತಿದ್ದಳು.

"ಇದು ನೀರಲ್ಲ," ಎನ್ನುತ್ತಿದ್ದಳು. "ಇದು ನೀರೇ ಅಲ್ಲ."

ಹೊತ್ತು ತಂದು ಒಲೆಯ ಬಳಿ ಕೂರಿಸಿದರು. ಉಗುರುಬೆಚ್ಚನೆಯ ನೀರಿನಲ್ಲಿ ಅವಳ ಪಾದಗಳನ್ನಿಟ್ಟುಕೊಂಡು ಕೂತವಳು ನಿಲ್ಜಾ. ಬೆರಳುಗಳು ಮೇಣದಂತೆ ಬೆಳ್ಳಗಾಗಿದ್ದವು. ಡೆಚೆನ್‌ಗೆ ತಿಳಿವು ಮರಳಿತ್ತು. ಅವಳು ನಾಚಿಕೊಂಡು, "ನಾನೇ ಏನೋ ತಪ್ಪು ಮಾಡಿದೆ ತಂಗಿ. ನೀನು ಸರಿಯಾಗೇ ಹೇಳಿಕೊಟ್ಟಿದ್ದೆ," ಎಂದಳು.

ನಿಲ್ಜಾಳಿಗೆ ತಡೆಯಲಾಗಲಿಲ್ಲ. "ನಾನು ಯಾವ ಬೆಂಕೀನೂ ನೋಡಿಲ್ಲ ಅಚೆ-ಲೆ."

"ಏನಂದೆ?"

"ಹಾರಲೂ ಇಲ್ಲ. ಎಲ್ಲಾ ಸುಳ್ಳು. ಪುಟಿತ್‌ಗೆ ಬಂದದ್ದು ನನಗೆ ಬರಲಿಲ್ಲವಲ್ಲ ಅಂತ ಹೇಳಿದೆ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ಡೆಚೆನ್ ಬೈಯಲಿಲ್ಲ. "ನನ್ನ ಕಾಲು ಬಿಡು," ಎಂದಷ್ಟೇ ಹೇಳಿದಳು. ಪುಟಿತ್ ಬಂದು ಬೋಗುಣಿಯ ಮುಂದೆ ಕೂತಳು. ನಿಲ್ಜಾ ಎದ್ದು ಜಾಗ ಬಿಡಬೇಕಾಯಿತು. ಒದ್ದೆ ಕೈಗಳನ್ನು ಎಲ್ಲಿ ಒರೆಸಿಕೊಳ್ಳಬೇಕೆಂದೂ ತಿಳಿಯದೆ ಗೋಡೆಗೆ ಆತು ನಿಂತಳು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

ಸಂಜೆ ಅವಳು ಎಲ್ಲರ ಮುಂದೆ ಮೂರು ಸಲ ಅಡ್ಡಬಿದ್ದು ಅದನ್ನೇ ಮತ್ತೆ ಹೇಳಿದಳು. ಅಬಿ-ಲೆ ಜಪಮಾಲೆ ಕೆಳಗಿಟ್ಟರು. ಅವರ ಧ್ವನಿ ಕುಗ್ಗಿತ್ತು.

"ಕೆದಕಿ ಕೇಳಿದ್ರೆ ಅವತ್ತೇ ತಿಳೀತಿತ್ತು. ನಾನು ಕೇಳಲಿಲ್ಲ. ನನ್ನ ಶಿಷ್ಯೆಗೆ ಸಿದ್ಧಿಸ್ತು ಅನ್ನೋ ಹಿಗ್ಗು ನಂಗೆ. ಡೆಚೆನ್, ಈ ತಪ್ಪಲ್ಲಿ ನನ್ನದೂ ಪಾಲಿದೆ."

ಡೆಚೆನ್‌ಳ ಸಾಧನೆಯನ್ನು ಅವರು ಅಲ್ಲಿಗೇ ನಿಲ್ಲಿಸಿದರು. ನಿಲ್ಜಾ ಅವಳ ಕೋಣೆಯಲ್ಲೇ ಮಲಗಬೇಕು, ನರಳಿದರೆ ಎಬ್ಬಿಸಬೇಕು ಎಂದರು. ಡೆಚೆನ್ ಬೇಡವೆನ್ನಲಿಲ್ಲ, ಆದರೆ ಮಾತೂ ಆಡಲಿಲ್ಲ. ನಡುರಾತ್ರಿ ಎಬ್ಬಿಸಿದಾಗಲೆಲ್ಲ ಗೋಡೆಯತ್ತ ಹೊರಳುತ್ತಿದ್ದಳು. ಅವಳ ಎಡಗಾಲಿನ ಎರಡು ಬೆರಳು ಕಪ್ಪಾಗಿ, ಉಗುರು ಉದುರಿ, ಹೇಗೋ ಉಳಿದುಕೊಂಡವು.

ದಿನಾ ಬೆಳಿಗ್ಗೆ ನಿಲ್ಜಾ ಹೇಳುತ್ತಿದ್ದದ್ದು ಒಂದೇ: "ಏನೂ ಇಲ್ಲ."

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ರಾತ್ರಿ ಅವಳಿಗೆ ನಿಜವಾಗಿಯೂ ತಿಳಿಯಿತು. ಬಾರ್ಲಿ ಹೊಲದಲ್ಲಿ ನಿಂತಿದ್ದಳು, ಅದು ಕನಸೆಂದು ಗೊತ್ತಾಯಿತು, ಅಷ್ಟೆ. ಬೆಳಿಗ್ಗೆ ಒಲೆಯ ಮುಂದೆ ಅವಳ ಸರದಿ ಬಂತು. ಹೇಳಿದರೆ ಯಾರು ನಂಬುತ್ತಾರೆ? ಹೇಳದಿದ್ದರೆ ಅದೂ ಸುಳ್ಳೇ.

"ನಿನ್ನೆ ತಿಳೀತು," ಎಂದಳು, ಕಿವಿಯವರೆಗೂ ಕೆಂಪಾಗಿ. "ನಂಬಿ ಅಂತ ಕೇಳೋದಿಲ್ಲ."

ಪುಟಿತ್ ಒಲೆಯ ಬೂದಿ ಕೆದಕಿದಳು. ಆಗ, ಎರಡು ತಿಂಗಳಲ್ಲಿ ಮೊದಲ ಸಲ, ಡೆಚೆನ್ ಅವಳತ್ತ ತಿರುಗಿದಳು.

"ಏನು ಮಾಡಿದೆ ಅದರಲ್ಲಿ?"

"ಏನೂ ಮಾಡಲಿಲ್ಲ ಅಚೆ-ಲೆ. ಹೆದರಿಕೆಯಾಯ್ತು. ಸುಮ್ನೆ ನಿಂತಿದ್ದೆ."

"ಹೂಂ," ಎಂದಳು ಡೆಚೆನ್. ನಂಬಿದಳೋ ಇಲ್ಲವೋ, ನಿಲ್ಜಾಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಅವಳಿಗಿರಲಿಲ್ಲ.