ಅತ್ತೆಗೆ ತೋರಿಸಿದ ಬೀದಿಗಳು

ನನ್ನ ಕೋಣೆಯ ಎದುರಿನ ಕೋಣೆ ಖಾಲಿಯಾಗಿ ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳು ನಾನು ಸುಖವಾಗಿದ್ದೆ. ಮೂರನೆಯ ಮಹಡಿಯಲ್ಲಿ ಇರುವುದೇ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಯಾರೂ ಇಲ್ಲ. ಸಂಜೆ ಕದ ಹಾಕಿಕೊಂಡರೆ ಮರುದಿನದವರೆಗೆ ನನ್ನ ಗಂಟಲಿಗೆ ಕೆಲಸವಿರುತ್ತಿರಲಿಲ್ಲ.

ಆ ಕೋಣೆಗೆ ಸೋದರತ್ತೆ ಬರುವವರಿದ್ದರು.

ಅತ್ತೆ ನನ್ನಪ್ಪನ ಅಕ್ಕ. ಮದುವೆಯಾಗಲಿಲ್ಲ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದರು. ಮೊದಲು ಆಪರೇಟರ್ ಆಗಿ, ಯಂತ್ರಗಳು ಬಂದ ಮೇಲೆ ಕೆಟ್ಟ ಲೈನುಗಳ ದೂರು ತೆಗೆದುಕೊಳ್ಳುವ ಮೇಜಿನಲ್ಲಿ. ಈಗ ನಿವೃತ್ತರಾಗಿದ್ದರು. ಕ್ವಾರ್ಟರ್ಸನ್ನು ತಿಂಗಳ ಕೊನೆಗೆ ಬಿಟ್ಟುಕೊಡಬೇಕಿತ್ತು. "ನಿನ್ನೆದುರಿನ ರೂಮು ಖಾಲಿ ಇದೆಯಂತಲ್ಲೋ, ನಿಮ್ಮಪ್ಪ ಹೇಳ್ದ," ಎಂದು ಫೋನ್ ಮಾಡಿದರು. "ಒಂದು ದಿನ ಬಂದು ಸುತ್ತಮುತ್ತ ನೋಡ್ತೀನಿ. ಹಿಡಿಸಿದ್ರೆ ಬರ್ತೀನಿ. ಹಿಡಿಸದೇ ಇದ್ರೆ ಬೇರೆ ಕಡೆ ನೋಡ್ಕೋತೀನಿ."

ಹಿಡಿಸದೇ ಇದ್ದರೆ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಅತ್ತೆಯ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಅವರು ಪ್ರಶ್ನೆಗಳ ಮೂಟೆ. ಅವರ ಜೊತೆ ಕೂತು ಉಂಡವನಿಗೆ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ, ಉತ್ತರ ಹುಡುಕುವುದರಲ್ಲೇ ತಟ್ಟೆ ಖಾಲಿಯಾಗಿರುತ್ತದೆ. ಅಂಥವರು ನನ್ನ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ದಿನವೂ ಇರುತ್ತಾರೆ ಎಂದು ನೆನೆದಾಗಲೆಲ್ಲ ಕದದ ಚಿಲಕದ ಕಡೆ ನೋಡುತ್ತಿದ್ದೆ. ಬೇಡ ಎಂದು ಹೇಳುವ ಧೈರ್ಯ ನನಗಿಲ್ಲ. ಬೇಡ ಎಂದು ಅವರೇ ಹೇಳುವ ಹಾಗೆ ಬೀದಿಗಳನ್ನು ತೋರಿಸುವುದು ಸಾಧ್ಯವಿತ್ತು. ಕೋಣೆಗೆ ಇನ್ನೊಬ್ಬರು ಕಾದಿದ್ದರು. ಅತ್ತೆ ನೋಡಲು ಬರುವ ದಿನವೇ ಮಧ್ಯಾಹ್ನದೊಳಗೆ ತಿಳಿಸಿ ಎಂದು ಮನೆ ಮಾಲೀಕರು ಗಡುವು ಕೊಟ್ಟಿದ್ದರು. ನನಗೆ ಬೇಕಾಗಿದ್ದುದು ಒಂದು ಬೆಳಗು ಮಾತ್ರ.

ಬೆಳಗ್ಗೆ ಐದು ಗಂಟೆಗೆ ನಾನು ಕೆಲಸಕ್ಕೆ ಹೊರಡುವಾಗ, ಹಿಂದಿನ ರಾತ್ರಿಯೇ ಬಂದಿಳಿದಿದ್ದ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

"ಇದೇನೋ ಇದು, ಈಟಿ ಹಿಡ್ಕೊಂಡು ಯುದ್ಧಕ್ಕೆ ಹೊರಟಿದ್ದೀಯ?"

"ಕೋಲು, ಅತ್ತೆ. ಕೆಲಸದ್ದು."

ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ ನಾನು ನೀರು ಸರಬರಾಜಿನವರ ಗುತ್ತಿಗೆಯಲ್ಲಿ ಸೋರಿಕೆ ಹುಡುಕುವ ಕೆಲಸಕ್ಕಿದ್ದೇನೆ. ಎದೆಯೆತ್ತರದ ಕಬ್ಬಿಣದ ಸರಳು, ಅದರ ಮೇಲಿನ ತುದಿಗೆ ಮರದ ಬಟ್ಟಲು. ಸರಳನ್ನು ವಾಲ್ವಿನ ಮೇಲೋ ನಲ್ಲಿಯ ಪೈಪಿನ ಮೇಲೋ ಊರಿ, ಬಟ್ಟಲಿಗೆ ಕಿವಿ ಕೊಟ್ಟು ನಿಂತರೆ ನೆಲದೊಳಗಿನ ನೀರು ಕೇಳಿಸುತ್ತದೆ. ಒಡೆದ ಜಾಗದಲ್ಲಿ ಅದು ಹಲ್ಲಿನ ಸಂದಿಯಿಂದ ಉಸಿರು ಬಿಟ್ಟ ಹಾಗೆ ಸುಯ್ಯೆನ್ನುತ್ತದೆ. ಅಲ್ಲಿ ನೀಲಿ ಬಣ್ಣದಲ್ಲಿ ಒಂದು ಗುರುತು ಹಾಕಬೇಕು. ಆಮೇಲೆ ಅಗೆಯುವವರು ಬರುತ್ತಾರೆ. ವಾಹನಗಳು ಶುರುವಾಗುವ ಮುಂಚೆ ಮುಗಿಸಬೇಕು. ಇನ್ನೊಬ್ಬರ ಜೊತೆ ಮಾತಾಡದೆ ಮಾಡಬಹುದಾದ ಕೆಲಸ ಎಂದೇ ನಾನು ಇದನ್ನು ಆರಿಸಿಕೊಂಡದ್ದು.

ಮೊದಲು ಬಸ್ ಡಿಪೋದ ಹಿಂಬದಿಗೆ ಕರೆದುಕೊಂಡು ಹೋದೆ. ಆ ಹೊತ್ತಿನಲ್ಲಿ ನಲವತ್ತು ಬಸ್ಸುಗಳ ಎಂಜಿನ್ನುಗಳನ್ನು ಒಟ್ಟಿಗೇ ಚಾಲೂ ಮಾಡಿ ಬಿಡುತ್ತಾರೆ. ಹೊಗೆ ಗೋಡೆ ಹಾರಿ ಬೀದಿಗೆ ಇಳಿಯುತ್ತದೆ.

"ದಿನಾ ಹೀಗೇ ಇರುತ್ತೆ," ಎಂದೆ, ಆದಷ್ಟು ಬೇಸರದ ದನಿಯಲ್ಲಿ.

ಅತ್ತೆ ಸೆರಗನ್ನು ಮೂಗಿಗೆ ಹಿಡಿದು ಗೇಟಿನ ಸಂದಿಯಿಂದ ಬಗ್ಗಿ ನೋಡಿದರು. "ಎಲ್ಲಾನೂ ಒಟ್ಟಿಗೆ ಯಾಕೆ ಶುರು ಮಾಡ್ತಾರೆ? ಮೊದಲ ಬಸ್ಸು ಎಷ್ಟು ಗಂಟೆಗೆ? ಕೊನೇ ಸ್ಟಾಪು ಯಾವುದು?"

"ಗೊತ್ತಿಲ್ಲ."

"ಮೂರು ವರ್ಷದಿಂದ ಇದ್ದೀಯ!" ಎಂದವರೇ ಕಾವಲುಗಾರನ ಹತ್ತಿರ ಹೋದರು. ಐದು ನಿಮಿಷದಲ್ಲಿ ಮರಳಿದಾಗ ಮೊದಲ ಬಸ್ಸು, ಕೊನೆಯ ಬಸ್ಸು, ಕಾವಲುಗಾರನ ಮಂಡಿನೋವು, ಮೂರೂ ಅವರ ಕೈಸೇರಿದ್ದವು. "ಬಸ್ಸಿಗೆ ಕಾಯೋದೇ ಬೇಡ ಕಣೋ. ಹುಟ್ಟೋ ಜಾಗದಲ್ಲೇ ಹತ್ತಬಹುದು, ಸೀಟು ಖಾಯಂ."

ಆಮೇಲೆ ಕಡಿದಾದ ಕಲ್ಲುಮೆಟ್ಟಿಲುಗಳ ಓಣಿ. ಅರವತ್ತರ ಅತ್ತೆ ನಡುವೆ ಎರಡು ಸಲ ನಿಂತರು. ನಾನು ಕರುಣೆಯ ಮುಖ ಮಾಡಿಕೊಂಡು, "ತರಕಾರಿ ತರೋಕೆ ಇದೇ ದಾರಿ, ಅತ್ತೆ," ಎಂದೆ. ಇನ್ನೊಂದು ದಾರಿ ಇತ್ತು, ಸಮತಟ್ಟಾದದ್ದು. ಅದರ ಸುದ್ದಿ ಎತ್ತಲಿಲ್ಲ. ಅವರು ಮೇಲೆ ತಲುಪಿ ಹಿಂತಿರುಗಿ, ಮನೆಗಳ ತಾರಸಿಗಳನ್ನೂ ಅಲ್ಲಿ ಸಾಲಾಗಿ ಕೂತ ನೀರಿನ ಟ್ಯಾಂಕುಗಳನ್ನೂ ನೋಡಿ, "ಇಲ್ಲಿಂದ ಎಲ್ಲರ ಮನೆ ಗುಟ್ಟೂ ಕಾಣುತ್ತಲ್ಲೋ," ಎಂದು ಖುಷಿಪಟ್ಟರು.

ತಗಡು ಬಡಿಯುವ ಕಾರ್ಖಾನೆ ಇನ್ನೂ ತೆರೆದಿರಲಿಲ್ಲ. ಎಂಟು ಗಂಟೆಗೆ ಶುರುವಾದರೆ ಕಿವಿ ಕಿತ್ತುಹೋಗುತ್ತದೆ ಎಂದೆ. "ಎಂಟರವರೆಗೆ ಮಲಗೋರ ಕಷ್ಟ ಅದು," ಎಂದು ಅವರು ಮುಂದೆ ನಡೆದರು. ಅವರನ್ನು ಹಿಮ್ಮೆಟ್ಟಿಸಲು ನಾನು ಕೂಡಿಟ್ಟಿದ್ದ ಕಲ್ಲುಗಳೆಲ್ಲ ಹೀಗೆ ಒಂದೊಂದಾಗಿ ಮುಗಿಯುತ್ತ ಬಂದವು.

ಕಾರ್ಖಾನೆಯ ಹಿಂದಿನ ಬೀದಿಗೆ ಕರೆದುಕೊಂಡು ಹೋಗುವ ಉದ್ದೇಶ ನನಗಿರಲಿಲ್ಲ. ನನ್ನ ಆ ದಿನದ ಕೆಲಸ ಅಲ್ಲಿತ್ತು, ಅಷ್ಟೇ. ಅತ್ತೆ ನೆಲ ನೋಡಿ ನಿಂತರು. ಒಂದೇ ಮನೆಯ ಮುಂದೆ ಮೂರು ಕಡೆ ರಸ್ತೆ ಅಗೆದು ಮುಚ್ಚಿದ ತೇಪೆ.

"ಇದ್ಯಾಕೆ ಹೀಗೆ ಹರಿದ ಅಂಗಿ ಹೊಲಿದ ಹಾಗಿದೆ?"

ಸುಳ್ಳು ಹೇಳಲು ಹೊರಟು, ಯಾಕೋ ನಿಜ ಹೇಳಿದೆ. "ಮೂರೂ ನನ್ನ ಗುರುತೇ ಅತ್ತೆ. ಸೋರೋ ಸದ್ದು ಕೇಳುತ್ತೆ, ಗುರುತು ಹಾಕ್ತೀನಿ, ಹತ್ತು ಗಂಟೆಗೆ ಬಂದು ಅಗೀತಾರೆ. ಒಂದು ಹನಿ ಇಲ್ಲ, ಒಣಮಣ್ಣು. ಅಗೆಯೋರು ನನ್ನನ್ನ 'ಗುಂಡಿ ಮೇಷ್ಟ್ರು' ಅಂತಾರೆ."

ಅತ್ತೆ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಕೈ ಚಾಚಿದರು. "ಕೊಡಿಲ್ಲಿ ಆ ಈಟಿ."

ನಲ್ಲಿಯ ಪೈಪಿನ ಮೇಲೆ ಸರಳು ಊರಿ ಕೊಟ್ಟೆ. ಅವರು ಬಟ್ಟಲಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು. ಅತ್ತೆ ಅಷ್ಟು ಹೊತ್ತು ಮಾತಿಲ್ಲದೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಅವರ ಮುಖವೇ ಬೇರೆಯಾಗಿತ್ತು. ಹುಬ್ಬಿನ ನಡುವೆ ಒಂದು ಗೆರೆ, ಬಾಯಿ ಸ್ವಲ್ಪ ತೆರೆದು. ಇದೇ ಮುಖ ಹೊತ್ತು ಅವರು ಮೂವತ್ತನಾಲ್ಕು ವರ್ಷ ಕೂತಿದ್ದರೇ?

"ಇದು ಸೋರೋ ಸದ್ದಲ್ಲ ಕಣೋ," ಎಂದರು ಕೊನೆಗೆ. "ತಾನಾಗೇ ಸೋರೋದು ಉಸಿರು ತಗೊಳ್ಳಲ್ಲ. ಇದು ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಇದರ ಹಿಂದೆ ಯಾರದೋ ಕೈ ಇದೆ."

ಆ ನಿಲುಗಡೆಗಳು ನನಗೂ ಕೇಳಿದ್ದವು. ನೀರಿನ ಒತ್ತಡ ಏರಿಳಿಯುತ್ತಿರಬೇಕು ಎಂದುಕೊಂಡಿದ್ದೆ.

"ಈ ಮನೆಯವರನ್ನ ವಿಚಾರಿಸಿದ್ಯಾ?"

ಗುರುತು ಹಾಕುವ ಮುನ್ನ ಅಕ್ಕಪಕ್ಕದ ಬಾಗಿಲು ತಟ್ಟಬೇಕು, ಒಳಗೆ ಯಾರಾದರೂ ನೀರು ಬಿಟ್ಟುಕೊಂಡಿದ್ದಾರೆಯೇ ಎಂದು ತಿಳಿಯಬೇಕು. ಅದು ನಮ್ಮ ಕೆಲಸದ ಮೊದಲ ನಿಯಮ. ಫಾರಮ್ಮಿನಲ್ಲಿ ಅದಕ್ಕೊಂದು ಅಂಕಣವಿದೆ: ಮನೆಯವರನ್ನು ವಿಚಾರಿಸಲಾಗಿದೆ. ಮೂರು ವರ್ಷದಿಂದ ನಾನು ಒಂದು ಬಾಗಿಲನ್ನೂ ತಟ್ಟದೆ ಅಲ್ಲಿ ಸರಿಗುರುತು ಹಾಕುತ್ತ ಬಂದಿದ್ದೆ. ಉಳಿದ ಬೀದಿಗಳಲ್ಲಿ ನನ್ನ ಅದೃಷ್ಟ ನೆಟ್ಟಗಿತ್ತು.

ನನ್ನ ಮುಖ ನೋಡಿಯೇ ಅತ್ತೆಗೆ ಅರ್ಥವಾಯಿತು. "ಅಯ್ಯೋ ಮೌನಸ್ವಾಮಿ! ರಸ್ತೆ ಅಗೆಸೋದು ಸುಲಭ ಆಯ್ತು, ಬಾಗಿಲು ತಟ್ಟೋದು ಕಷ್ಟ ಆಯ್ತಾ?" ಎಂದು, ನಾನು ತಡೆಯುವುದರೊಳಗೆ ಕದ ಬಡಿದೇಬಿಟ್ಟರು.

ತೆರೆದಾಕೆ ಅತ್ತೆಗಿಂತ ಹತ್ತು ವರ್ಷ ಹಿರಿಯರಿರಬೇಕು. ಮುಂಗೈಯವರೆಗೆ ಬಿಳಿಯ ಕೆಸರು ಮೆತ್ತಿಕೊಂಡಿತ್ತು. ಅವರ ಬೆನ್ನ ಹಿಂದೆ ಒಂದು ಕಲ್ಲಿನ ಚಕ್ರ ನಿಧಾನವಾಗಿ ತಿರುಗುತ್ತಿತ್ತು. ಅದರ ಮೇಲೆ ನಲ್ಲಿಯಿಂದ ದಾರದಷ್ಟು ಸಣ್ಣಗೆ ನೀರು. ಕನ್ನಡಕದ ಗಾಜು ಉಜ್ಜುವ ಕೆಲಸ ಅವರದು. ಗಾಜು ಬದಲಿಸುವಾಗ ನಿಲ್ಲಿಸಿ ಮತ್ತೆ ಬಿಡುವ ಆ ನೀರೇ ನನಗೆ ಸೋರಿಕೆಯಾಗಿ ಕೇಳಿಸಿತ್ತು.

"ಇಷ್ಟು ಬೆಳಗ್ಗೇನೇ ಕೆಲಸನಾ?" ಎಂದರು ಅತ್ತೆ.

"ಎಂಟಕ್ಕೆ ಆ ತಗಡಿನವರು ಶುರು ಮಾಡಿದ್ರೆ ಕರೆಂಟು ಕುಗ್ಗುತ್ತೆ, ಚಕ್ರ ಕುಂಟುತ್ತೆ. ಅಷ್ಟರೊಳಗೆ ನಂದು ಮುಗೀಬೇಕು." ಅವರ ಕಣ್ಣು ನನ್ನ ಕೋಲಿನ ಮೇಲೆ ಬಿತ್ತು. "ಓಹೋ, ನಮ್ಮ ಬಾಗಿಲು ಮುಂದೆ ಮೂರು ಸಲ ಅಗೆಸಿದ್ದು ನೀವೇನಾ? ಕಿಟಕೀಲಿ ನೋಡ್ತಿದ್ದೆ. ಪಾಪ, ಏನೋ ಕಳ್ಕೊಂಡು ಹುಡುಕ್ತಿದ್ದಾರೆ ಅಂದ್ಕೊಂಡೆ."

"ನೀವಾದ್ರೂ ಬಂದು ಒಂದು ಮಾತು ಹೇಳಬಾರದಾಗಿತ್ತಾ?" ಅತ್ತೆ ಕೇಳಿದರು.

"ಅವರು ಮಾತಾಡಲಿಲ್ಲ. ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ಮನಿದ್ದೆ."

ಕಿವಿ ಬಿಸಿಯಾಯಿತು. ಕದದ ಆಚೆ ಇವರು, ಈಚೆ ನಾನು, ನಡುವೆ ಮೂರು ಗುಂಡಿ. ಮೌನವನ್ನು ನಾನು ಯಾವಾಗಲೂ ಒಂದು ದೊಡ್ಡ ಗುಣವೆಂದೇ ಎಣಿಸಿದ್ದೆ. ಅದು ಹೀಗೆ ಡಾಂಬರು ಕಿತ್ತುಕೊಂಡು ರಸ್ತೆಯಲ್ಲಿ ಬಿದ್ದಿರುವುದನ್ನು ನೋಡಿರಲಿಲ್ಲ.

ಅತ್ತೆ ಆಗಲೇ ಒಳಗೆ ಹೋಗಿ ಚಕ್ರದ ಮುಂದೆ ಕೂತಿದ್ದರು. ಗಾಜಿನಾಕೆ ಒಂದು ಗಾಜನ್ನು ಕಲ್ಲಿಗೆ ಒತ್ತಿ ಹಿಡಿದರು. ಗರಗರ ಸದ್ದು ಮೆಲ್ಲನೆ ನಯವಾಗುತ್ತ ಹೋಯಿತು. "ಸಾಕು ಅನ್ನೋದು ಸದ್ದಲ್ಲೇ ತಿಳೀಬೇಕು," ಎಂದರು ಅವರು. "ಈಗ ನನ್ನ ಕಿವಿ ಮಂದ ಆಗಿದೆ. ನಾಲ್ಕರಲ್ಲಿ ಒಂದು ಗಾಜು ಹಾಳು."

"ನಿಲ್ಲಿಸಿ," ಎಂದರು ಅತ್ತೆ ಇದ್ದಕ್ಕಿದ್ದಂತೆ.

ಆಕೆ ನಿಲ್ಲಿಸಿದರು. ಗಾಜನ್ನು ಒರೆಸಿ, ದಪ್ಪ ಅಳೆಯುವ, ಹಕ್ಕಿಯ ಕೊಕ್ಕಿನಂಥ ಇಕ್ಕಳದಲ್ಲಿ ಹಿಡಿದು ನೋಡಿದರು. ಅತ್ತೆಯನ್ನು ನೋಡಿದರು. ಇನ್ನೊಂದು ಗಾಜು ತೆಗೆದರು. ಎರಡನೆಯ ಸಲವೂ ಅತ್ತೆ ನಿಲ್ಲಿಸಿ ಎಂದಲ್ಲಿಗೆ ಅಳತೆ ಸರಿಬಂತು. ಮೂರನೆಯದು ಅಳತೆಗಿಂತ ಕೂದಲೆಳೆಯಷ್ಟು ದಪ್ಪ ಉಳಿಯಿತು. ಅತ್ತೆ ನಾಲಿಗೆ ಕಚ್ಚಿಕೊಂಡು, "ಆತುರ ಬಿದ್ದೆ," ಎಂದರು.

ಹೊರಗೆ ಬಂದಾಗ ಬಿಸಿಲು ಬಂದಿತ್ತು. ಫಾರಮ್ಮಿನಲ್ಲಿ ಆ ಮನೆಯ ಸಾಲಿಗೆ, ಮೊದಲ ಸಲ ನಿಜವಾಗಿ, ವಿಚಾರಿಸಲಾಗಿದೆ ಎಂದು ಬರೆದೆ. ಹಳೆಯ ಮೂರು ಗುಂಡಿಗಳ ತಪ್ಪು ನನ್ನದೆಂದು ಕೆಳಗೆ ಸೇರಿಸಿದೆ. ಅತ್ತೆ ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂತು, ಅಂಗೈಗೆ ಮೆತ್ತಿದ ಬಿಳಿಯ ಕೆಸರನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಈಗ ನಿನ್ನದು ಹೇಳು," ಎಂದರು ತಲೆಯೆತ್ತದೆ. "ಡಿಪೋ ಹೊಗೆ, ಮೆಟ್ಟಿಲು, ತಗಡು. ಒಂದಾದರೂ ನೆರಳಿರೋ ಬೀದಿ ಈ ಕಡೆ ಇಲ್ವೇನೋ? ಲೈನಲ್ಲಿರೋನಿಗೆ ಫೋನ್ ಇಡೋ ಆಸೆ ಆಗಿದೆ ಅನ್ನೋದು ಅವನ 'ಹಲೋ'ದಲ್ಲೇ ನಮಗೆ ತಿಳೀತಿತ್ತು."

ಇಲ್ಲ ಅತ್ತೆ ಎನ್ನಬಹುದಿತ್ತು. "ನನಗೆ ಭಯ ಆಯ್ತು," ಎಂದೆ. "ನೀವು ಬಂದ್ರೆ ದಿನಾ ಮಾತಾಡಬೇಕಾಗುತ್ತೆ ಅಂತ."

"ಮತ್ತೆ ಅದನ್ನೇ ಬಾಯಿಬಿಟ್ಟು ಹೇಳೋಕೇನು? ನನ್ನ ಮಂಡಿಯಾದ್ರೂ ಉಳೀತಿತ್ತು." ಅವರಿಗೆ ನೋವಾಗಿತ್ತು. ದನಿ ಹಗುರವಾಗಿದ್ದರೂ ಉಗುರು ಕೆರೆಯುವುದನ್ನು ನಿಲ್ಲಿಸಿತ್ತು. "ಬೇಡ ಅಂದ್ರೆ ಬೇಡ ಕಣೋ. ನನಗೇನು, ಕ್ವಾರ್ಟರ್ಸ್ ಬಿಟ್ಟ ಮೇಲೆ ಎಲ್ಲ ಊರೂ ಒಂದೇ."

ಅಷ್ಟರಲ್ಲಿ ಮಾಲೀಕರ ಫೋನು ಬಂತು. ಕಾದಿದ್ದವರು ಬಾಗಿಲಿಗೇ ಬಂದು ನಿಂತಿದ್ದಾರಂತೆ. ಏನು ಹೇಳಲಿ, ಬೇಕೋ ಬೇಡವೋ?

"ಬೇಕು. ರೂಮು ನಮ್ಮತ್ತೆಗೆ," ಎಂದುಬಿಟ್ಟೆ. ಫೋನು ಜೇಬಿಗಿಟ್ಟ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅದರಲ್ಲಿ ದಾಕ್ಷಿಣ್ಯವೆಷ್ಟು, ನಾಚಿಕೆಯೆಷ್ಟು, ಆಸೆಯೆಷ್ಟು ಎಂದು ಬಿಡಿಸಿ ನೋಡಲು ಹೊತ್ತಿರಲಿಲ್ಲ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. "ನನ್ನ ಒಪ್ಪಿಗೆ ಯಾರು ತಗೊಂಡ್ರಪ್ಪಾ? ವಿಚಾರಿಸದೇ ಹಾಕಿದ್ಯಲ್ಲ, ನಾಲ್ಕನೇ ಗುರುತು!"

ನಾನು ಅವರ ಮುಂದೆ ನೆಟ್ಟಗೆ ನಿಂತೆ. ಕೋಲನ್ನು ಗೋಡೆಗೆ ಒರಗಿಸಿದೆ. "ಅತ್ತೆ, ನೀವು ಇಲ್ಲಿಗೆ ಬರ್ತೀರಾ? ಬಂದ್ರೆ ದಿನಾ ಏನು ಮಾಡಬೇಕು ಅಂತಿದ್ದೀರಿ?"

"ಬರ್ತೀನಿ," ಎಂದರು. "ನಿನ್ನ ಮುಖ ನೋಡ್ಕೊಂಡು ಕೂರೋಕಲ್ಲ, ಅಷ್ಟೊಂದು ಹೆದರಬೇಡ. ಆ ಗಾಜಿನವರು ನಾಳೆ ಐದಕ್ಕೆ ಬನ್ನಿ, ಗಾಜು ಕೈಯಲ್ಲಿ ಹಿಡಿಯೋದೂ ಕಲಿಸ್ತೀನಿ ಅಂದಿದ್ದಾರೆ. ಆ ಮೂರನೇ ಗಾಜು ಯಾಕೆ ತಪ್ಪಿತು ಅಂತ ನನಗೆ ತಿಳೀಬೇಕು. ಅದು ತಿಳಿಯೋವರೆಗೂ ನಾನು ಎಲ್ಲಿಗೂ ಹೋಗಲ್ಲ."

ಬೆಳಗಿನಿಂದ ನಾನು ನನ್ನ ಬಾಗಿಲು, ನನ್ನ ಗೋಡೆ, ನನ್ನ ಸಂಜೆ ಎಂದು ಲೆಕ್ಕ ಹಾಕಿದ್ದೆ. ಅತ್ತೆಯ ಲೆಕ್ಕದಲ್ಲಿ ನಾನು ಅಷ್ಟಾಗಿ ಇರಲೇ ಇಲ್ಲ. ಅದರಿಂದ ಹಗುರವೂ ಆಯಿತು, ಸಣ್ಣದೊಂದು ಚುರುಕೂ ಮುಟ್ಟಿತು.

"ಸಾಕು ಅನ್ನೋದು ನಿಮಗೆ ಹೇಗೆ ತಿಳೀತು, ಅತ್ತೆ?" ನಡೆಯುತ್ತ ವಿಚಾರಿಸಿದೆ. ನಿಜಕ್ಕೂ ತಿಳಿದುಕೊಳ್ಳಬೇಕೆನಿಸಿತ್ತು.

ಅತ್ತೆ ಬಾಯಿ ತೆರೆದರು, ಮುಚ್ಚಿದರು. ಹುಬ್ಬಿನ ನಡುವೆ ಆ ಗೆರೆ ಮೂಡಿತು. "ಇರು, ಯೋಚನೆ ಮಾಡಿ ಹೇಳ್ತೀನಿ," ಎಂದರು. ನಾನು ಅವರನ್ನು ಸಮತಟ್ಟಾದ ದಾರಿಯ ಕಡೆಗೆ ತಿರುಗಿಸಿದೆ. ಇಬ್ಬರೂ ಮಾತಿಲ್ಲದೆ ಎರಡು ಬೀದಿ ನಡೆದೆವು. ನಾನು ಉತ್ತರಕ್ಕೆ ಕಾಯುತ್ತಿದ್ದೆ.