ಪಟ್ಟದ ರಾಣಿಯ ಕಾಲಡಿಯ ಪಾಠ

ಬಿಟ್ಟಿ ಪುಸ್ತಕ ತರಿಸುವುದರಲ್ಲಿ ಜೋಗೇಶ್ವರಿಯ ಆ ಒಂದೇ ನಲ್ಲಿಯ ಚಾಳಿನಲ್ಲಿ ಅಲಮೇಲುವನ್ನು ಮೀರಿಸುವವರಿರಲಿಲ್ಲ. ಸಮಾಜಕಾರ್ಯ ಓದುವ ಹುಡುಗಿ. ಬೇಕಾದ ಪುಸ್ತಕ ಕಾಲೇಜಿನ ಲೈಬ್ರರಿಯಲ್ಲಿ ಒಂದೇ ಪ್ರತಿ, ಅದೂ ಸದಾ ಇನ್ನೊಬ್ಬರ ಮನೆಯಲ್ಲಿ. ಹಾಗಾಗಿ ಸಂಘ, ದೂತಾವಾಸ, ದೂರದೇಶದ ಟ್ರಸ್ಟು, ಎಲ್ಲಿ ವಿಳಾಸ ಕಂಡರೂ ಒಂದು ಕಾರ್ಡು ಗೀಚಿಬಿಡುತ್ತಿದ್ದಳು: 'ನಿಮ್ಮ ಉಚಿತ ಪ್ರಕಟಣೆಗಳನ್ನು ದಯವಿಟ್ಟು ಕಳಿಸಿ.' ಏಳು ಸಮುದ್ರದಾಚೆಯ ರಾಜಕುಮಾರ ಗಿಣಿಯ ಕೊರಳಿಗೆ ಓಲೆ ಕಟ್ಟಿ ಕಳಿಸಿದ ಹಾಗೆ ಲಕೋಟೆಗಳು ಬರುತ್ತಿದ್ದವು. ಚಾಳಿನವರು ಅವೆಲ್ಲ ಫಾರಿನ್ ಗಂಡುಗಳ ಜಾತಕವೆಂದೇ ನಂಬಿದ್ದರು.

ನವರಾತ್ರಿಯ ಮೊದಲ ದಿನ ಅವಳು ಗೋರೆಗಾಂವಿನ ಫೀಲ್ಡ್‌ವರ್ಕ್ ಮುಗಿಸಿ ಬಂದಾಗ ಅಜ್ಜಿ ಪುಟ್ಟಲಕ್ಷ್ಮಿ ಗೊಂಬೆ ಕೂರಿಸಿ ಆಗಿತ್ತು. ಗೊಂಬೆಗಳಡಿ ಮೆಟ್ಟಿಲ ತುಂಬ ಮಿರಮಿರ ಹೊಳೆಯುವ ಇಂಗ್ಲಿಷ್ ಹಾಳೆಗಳು.

"ಮಧ್ಯಾಹ್ನ ಟಪಾಲಲ್ಲಿ ಬಂತು ಕಣೇ. ಎಂಥಾ ನಯವಾದ ಕಾಗದ! ಪಿನ್ನು ಕಿತ್ತು ಹಾಸಿಬಿಟ್ಟೆ."

ಅಲಮೇಲು ತಲೆ ಹಿಡಿದು ಕೂತಳು. ಹೆಂಗಸರ ಗುಂಪು ಕಟ್ಟುವುದು ಹೇಗೆಂಬ ಆ ಪುಸ್ತಿಕೆಗೆ ಮೂರು ತಿಂಗಳು ಕಾದಿದ್ದಳು. ಶುಕ್ರವಾರ ಅದೇ ವಿಷಯದ ಸೆಮಿನಾರು. ಹಿಂದಿನ ಸಲ ಮಾತಾಡಲು ಎದ್ದವಳು ಫ್ಯಾನು ನೋಡುತ್ತ ಕನಸಿಗೆ ಜಾರಿದ್ದಳು. ಇನ್ನೊಮ್ಮೆ ಹಾಗಾದರೆ ಫೇಲೇ ಎಂದು ಪ್ರೊಫೆಸರು ಹೇಳಿದ್ದರು.

ಟಾರ್ಚು ಹಿಡಿದು, ಆನೆಯ ಹೊಟ್ಟೆಯಡಿ, ಗೊಂಬೆ ಶೆಟ್ಟಮ್ಮನ ಅಂಗಡಿಯ ಸಂದಿಯಲ್ಲಿ ಇಣುಕಿ ಇಣುಕಿ ಬರೆದುಕೊಂಡಳು. ಮೇಲಿನ ಮೆಟ್ಟಿಲಲ್ಲಿ ಮಾತ್ರ 'ಮೊದಲ ಸಭೆ ಆರಂಭಿಸಲು ಎಲ್ಲಕ್ಕಿಂತ ಮುಂಚೆ' ಎಂದು ಹೊರಟ ವಾಕ್ಯ ಪಟ್ಟದ ರಾಜ ರಾಣಿಯ ಕಾಲಡಿ ಮಾಯವಾಗಿತ್ತು.

"ಒಂದೇ ಇಂಚು ಸರಿಸ್ತೀನಿ, ಅಜ್ಜಿ."

"ಪಟ್ಟಕ್ಕೆ ಕೂತೋರನ್ನ ವಿಜಯದಶಮಿಗೆ ಮುಂಚೆ ಅಲ್ಲಾಡಿಸ್ತಾರೇನೇ? ನಿನ್ನ ಸೆಮಿನಾರಿಗೋಸ್ಕರ ದಸರಾ ಮುಂದಕ್ಕೆ ಹಾಕ್ಲಾ?"

ಗುರುವಾರ ಸಂಜೆ ಚಾಳಿನ ಹೆಂಗಸರು ಗೊಂಬೆ ನೋಡಲು ಬಂದರು. ಉಡುಪಿಯ ನೀಲಾವತಿ ಈ ಗೋಡೆಗೆ, ಹುಬ್ಬಳ್ಳಿಯ ರುಕ್ಮಿಣಿಬಾಯಿ ಆ ಗೋಡೆಗೆ. ನಲ್ಲಿಯ ಬಳಿ ಯಾರ ಬಾಲ್ದಿ ಮುಂದೆಂದು ಜಗಳವಾದಂದಿನಿಂದ ಇಬ್ಬರಿಗೂ ಮಾತಿಲ್ಲ. ಅವರಿಂದಾಗಿ ಉಳಿದವರೂ ಗಪ್‌ಚುಪ್. ಅಜ್ಜಿ ಇಬ್ಬರನ್ನೂ ನಡುವಿಗೆ ಕರೆದರು. ಕಡಲೆ ಉಸಲಿಯ ಪಾತ್ರೆಯನ್ನು ನೀಲಾವತಿಯ ಕೈಗಿಟ್ಟರು, ಸೌಟನ್ನು ರುಕ್ಮಿಣಿಬಾಯಿಯ ಕೈಗೆ.

"ನೀನು ಹಿಡ್ಕೋ. ನೀನು ಬಡಿಸು."

ಗೊಂಬೆ ಮನೆಯಲ್ಲಿ ಒಲ್ಲೆ ಎನ್ನುವ ಹಾಗಿಲ್ಲ. ಮೂರನೇ ಎಲೆಯ ಹೊತ್ತಿಗೆ ರುಕ್ಮಿಣಿಬಾಯಿ ಒಂದು ಕಾಳು ಬಾಯಿಗೆಸೆದುಕೊಂಡು, "ಉಪ್ಪ ಕಮ್ಮಿ ಆಗೇತಿ ನೋಡ," ಎಂದಳು, ಪಾತ್ರೆಗೆ.

"ನಂಗೂ ಹಾಗೇ ಕಂಡಿತು ಮಾರಾಯ್ತಿ," ಎಂದಿತು ಪಾತ್ರೆ ಹಿಡಿದವಳ ಬಾಯಿ.

ಆಮೇಲೆ ಇಬ್ಬರೂ ಸೇರಿ ಅಜ್ಜಿಯ ಅಡುಗೆಯನ್ನು ಆಡಿಕೊಂಡದ್ದೇ ಆಡಿಕೊಂಡದ್ದು. ನಗುವಿನ ನಡುವೆ ನಲ್ಲಿಗೆ ಯಾರು ಎಷ್ಟು ಗಂಟೆಗೆ ಎಂಬುದೂ ತೀರ್ಮಾನವಾಗಿಹೋಯಿತು. ಅಲಮೇಲು ಪೆನ್ಸಿಲ್ ಹುಡುಕಿದಳು.

ಶುಕ್ರವಾರ ಅವಳು ಫ್ಯಾನು ನೋಡಲಿಲ್ಲ. ಪಾತ್ರೆ, ಸೌಟಿನ ಕಥೆಯನ್ನು ಅಜ್ಜಿಯ ದನಿಯಲ್ಲೇ ಹೇಳಿದಳು. ಪ್ರೊಫೆಸರು ನಕ್ಕು, "ಪಾಸು. ಉಸಲಿ ಎಲ್ಲಿ?" ಎಂದರು.

ವಿಜಯದಶಮಿಗೆ ರಾಜ ರಾಣಿಯನ್ನು ಮಲಗಿಸಿದ ಮೇಲೆ ಅಲಮೇಲು ಹಾಳೆ ಎಳೆದು ಓದಿದಳು: '…ಆ ಜಾಗದ ಹಿರಿಯ ಹೆಂಗಸೊಬ್ಬರನ್ನು ಕೇಳಿ.'

ಕನ್ನಡದಲ್ಲಿ ಹೇಳಿದಾಗ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟರು.

"ಇಷ್ಟು ಹೇಳೋಕೆ ಅಷ್ಟು ದೂರದಿಂದ ಬರೀಬೇಕಿತ್ತಾ? ಹೋಗಲಿ, ಇನ್ನೊಂದು ಕಾರ್ಡು ಹಾಕು. ಬರೋ ವರ್ಷಕ್ಕೆ ಮೆಟ್ಟಿಲಿಗೆ ಕಾಗದ ಬೇಕಲ್ಲ."