ಕಂಪ್ಯೂಟರಿಗೆ ಹೊದಿಸಿದ ಕಂಬಳಿ

ನವ್ಯಾಳ ಫೋನು ಬಂದದ್ದೇ ತಡ, ಜಾಕೊಬ್ ತಮ್ಮ ಗ್ಲೆನ್ ವೇವರ್ಲಿಯ ಮನೆಯಿಂದ ಹೊರಟು ಸಿಡ್ನಿಯ ವಿಮಾನ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ಲಿವರ್‌ಪೂಲ್ ಬಡಾವಣೆಯ ಆಸ್ಪತ್ರೆಯಲ್ಲಿದ್ದರು. ಅವಳ ಅಪ್ಪ ಕಾಂತಪ್ಪ ಸೈನ್ಯದಲ್ಲಿ ಅವರ ಕೈಕೆಳಗೆ ದುಡಿದವನು. ಸೋಂಕು ರಕ್ತಕ್ಕೇರಿ ಈಗ ಅವನ ಮೈ ತಣ್ಣಗಾಗುತ್ತಿತ್ತು, ಬುದ್ಧಿ ಸ್ತಿಮಿತದಲ್ಲಿರಲಿಲ್ಲ.

"ಡ್ಯಾಡಿ ಬ್ಲಾಂಕೆಟ್ ಇಟ್ಕೊಳ್ತಾನೇ ಇಲ್ಲ ಅಂಕಲ್," ಎಂದಳು ನವ್ಯಾ. "ತೆಗೆದು ಪಕ್ಕದ ಮಾನಿಟರ್‌ಗೆ ಹೊದಿಸ್ತಾರೆ. ನರ್ಸ್ ವಾಪಸ್ ಹಾಕಿದ್ರೆ ಫೈಟ್ ಮಾಡ್ತಾರೆ. ಬಾಡಿ ವಾರ್ಮ್ ಆಗ್ದಿದ್ರೆ ಉಳಿಯೋದು ಕಷ್ಟ ಅಂತಿದ್ದಾರೆ ಡಾಕ್ಟ್ರು. ನೀವು ಹೇಳಿದ್ರೆ ಕೇಳ್ತಾರೆ."

ಇದರ ಅರ್ಥ ಜಾಕೊಬ್‌ರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ಮೂವತ್ತು ವರ್ಷಗಳ ಹಿಂದಿನ ಮಾತು. ಬ್ಯಾಂಕಿನ ಎಸಿ ಕೋಣೆಯಲ್ಲಿ ಕೂರಲೆಂದು ಮಾಡಿದ ಕಂಪ್ಯೂಟರನ್ನು ಯಾವ ಪುಣ್ಯಾತ್ಮ ಲಡಾಖಿಗೆ ಹತ್ತಿಸಿದನೋ! ಫಿರಂಗಿಗಳ ಗುರಿಯ ಲೆಕ್ಕವೆಲ್ಲ ಅದರದ್ದೇ. ಚಳಿ ಹಿಡಿದರೆ ಮಾತ್ರ ಸತ್ತ ಹಾಗೆ ಬಿದ್ದುಕೊಳ್ಳುತ್ತಿತ್ತು. ಇದ್ದ ಒಂದೇ ಸೀಮೆಎಣ್ಣೆ ಒಲೆ ಅದರ ಡೇರೆಗೆ ಹೋಯಿತು. ಕಂಪ್ಯೂಟರನ್ನು ಆರಿಸಿದ ಮೇಲೆ ಅದಕ್ಕೆ ಹೊದಿಸಲು ಸಿಪಾಯಿ ಹುಡುಗರ ಕಂಬಳಿಗಳೂ ಹೋದವು. "ಮೊದಲು ಯಂತ್ರ, ಆಮೇಲೆ ಮನುಷ್ಯ" ಎಂದು ಆಜ್ಞೆ ಹೊರಡಿಸಿದವರು ಕ್ಯಾಪ್ಟನ್ ಜಾಕೊಬ್. ಹಲ್ಲು ಕಟಕಟಿಸುತ್ತ ಅದರ ಕಾವಲು ಕೂತವನು ಕಾಂತಪ್ಪ.

ಮಂಚದ ಮೇಲೆ ಅವನು ಈಗಲೂ ಹಾಗೆಯೇ ನಡುಗುತ್ತಿದ್ದ. ಜಾಕೊಬ್ ಮಾನಿಟರಿನ ಮೇಲಿದ್ದ ಕಂಬಳಿಯನ್ನು ತೆಗೆದು ಅವನಿಗೆ ಹೊದಿಸಿದರು.

"ಎಂತ ಮಾಡುದು ಸಾಬ್?" ಕಾಂತಪ್ಪ ಗಾಬರಿಯಿಂದ ಅದನ್ನು ಎಳೆದು ಮತ್ತೆ ಮಾನಿಟರಿಗೇ ಹೊದಿಸಿದ. "ತಂಪಾದ್ರೆ ಅದು ಮತ್ತೆ ಏಳುದಿಲ್ಲ. ನೀವೇ ಹೇಳಿದ್ದಲ್ವಾ?"

"ಆ ಆರ್ಡರ್ ಕ್ಯಾನ್ಸಲ್ ಮಾರಾಯ. ನಿನ್ನ ಡ್ಯೂಟಿ ಮುಗಿಯಿತು. ಹೊದ್ದುಕೊ."

ಕಾಂತಪ್ಪನ ಮುಖ ಅರಳಿತು. ಸದ್ಯ, ಗೆದ್ದೆ ಅಂದುಕೊಂಡರು ಜಾಕೊಬ್. ಅವನು ಬಾಗಿಲ ಕಡೆ ಕತ್ತು ಚಾಚಿ ನೋಡಿದ.

"ಬದಲಿಗೆ ಯಾರು ಬಂದದ್ದು ಸಾಬ್?"

ಬದಲಿ ಬಾರದೆ ಕಾವಲಿನವನು ಜಾಗ ಬಿಡುವಂತಿಲ್ಲ. ಅದನ್ನು ಅವನಿಗೆ ಕಲಿಸಿದವರೂ ಅವರೇ.

"ನಾನೇ ಬಂದಿದ್ದೇನೆ."

"ತಮಾಷೆ ಮಾಡ್ಬೇಡಿ ಸಾಬ್." ಕಾಂತಪ್ಪ ನಕ್ಕ. "ನೀವು ಯಾವತ್ತು ಕಾವಲು ಕೂತದ್ದುಂಟು?"

ಜಾಕೊಬ್ ಕುರ್ಚಿ ಎಳೆದುಕೊಂಡು ಮಾನಿಟರಿನ ಪಕ್ಕ ಕೂತರು. "ಇಗೋ, ಕೂತೆ ನೋಡು," ಎಂದರು. ನವ್ಯಾ ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದಳು.

ಕಾಂತಪ್ಪ ನಂಬಲಿಲ್ಲ. ನೀಲಿಗಟ್ಟಿದ ಕೈಯಿಂದ ಅವರ ಮೊಣಕೈ ಮುಟ್ಟಿ, ಮೆಲ್ಲನೆ ಹೇಳಿದ:

"ನೀವು ಹೋಗಿ ಮಲಗಿ ಸಾಬ್. ಇಲ್ಲಿ ನಿಮಗೆ ಚಳಿ ಆಗ್ತದೆ."